ಲೆಕ್ಕಕ್ಕೆ ಸಿಗದ ಸಂಕ

ಕಳೆದ ಮಳೆಗಾಲದಲ್ಲಿ ಕಾಲುಸಂಕಗಳ ಬಗ್ಗೆ ಒಂದು ವರದಿ ಮಾಡಿದ್ದೆ. ಕುಂದಾಪುರ, ಬೈಂದೂರು, ಬ್ರಹ್ಮಾವರ ತಾಲೂಕುಗಳಲ್ಲಿ ಎಷ್ಟು ಊರಿನವರು ಇನ್ನೂ ಸಂಕ ದಾಟುತ್ತಾರೆ ಎಂದು ನನ್ನದೇ ಹತ್ತು ವರ್ಷದ ಸುದ್ದಿಗಳಿಂದ ತೆಗೆದ ಲೆಕ್ಕ. ಹಳೇ ಸುದ್ದಿಯನ್ನೆಲ್ಲ ಗೆಳೆಯನೊಬ್ಬ ಡೇಟಾಬೇಸಿಗೆ ಹಾಕಿಕೊಟ್ಟಿದ್ದ. ‘ಕಾಲುಸಂಕ’ ಎಂದು ಸರ್ಚ್ ಕೊಟ್ಟೆ, ಕ್ಷಣದಲ್ಲಿ ಪಟ್ಟಿ ಬಂತು, ಎಣಿಸಿ ಕಳಿಸಿದೆ.

ಬೆಳಿಗ್ಗೆಯೇ ಫೋನು. “ಮಾರಾಯ್ರೆ, ನಮ್ಮೂರ್ ಸಂಕ ಎಂತಕ್ ಇಲ್ಲೆ? ನೀವೇ ಬಂದ್ ಫೋಟೋ ತೆಗ್ದದ್ದಲ್ದಾ?” ಕೊಲ್ಲೂರು ಕಡೆಯ ಒಬ್ಬ ತಾಯಿ. ಮಗಳು ಅದೇ ಸಂಕದ ಮೇಲೆ ಶಾಲೆಗೆ ಹೋಗುವವಳು. ಸುದ್ದಿ ತೆಗೆದು ನೋಡಿದರೆ ‘ಮರದ ಸೇತುವೆ’ ಎಂದು ಬರೆದಿದ್ದೆ!

ಸರ್ಚ್ ಇಂಡೆಕ್ಸ್ ಎಂದರೆ ಪುಸ್ತಕದ ಕೊನೆಯ ಪದಸೂಚಿ ಇದ್ದಂತೆ. ಯಾವ ಪದ ಯಾವ ಪುಟದಲ್ಲಿದೆ ಎಂದು ಮೊದಲೇ ಬರೆದಿಟ್ಟಿರುತ್ತದೆ, ಅದಕ್ಕೇ ಅಷ್ಟು ವೇಗ. ಆದರೆ ಕನ್ನಡದಲ್ಲಿ ಸಂಕಕ್ಕೆ, ಸಂಕದಲ್ಲಿ, ಸಂಕದಿಂದ ಎಲ್ಲವೂ ಅದಕ್ಕೆ ಬೇರೆ ಬೇರೆ ಪದ. ಪ್ರತ್ಯಯ ಕತ್ತರಿಸುವುದನ್ನು ನಾವೇ ಕಲಿಸಬೇಕು.

ಗೆಳೆಯ ಮ್ಯಾಪ್-ರೆಡ್ಯೂಸ್ ಮಾಡೋಣ ಎಂದ. ಮತ ಎಣಿಕೆ ನೋಡಿದವರಿಗೆ ಇದು ಹೊಸತಲ್ಲ. ಪ್ರತಿ ಟೇಬಲ್ಲಿನವರು ತಮ್ಮ ಮತವಷ್ಟೇ ಎಣಿಸಿ ಚೀಟಿ ಕೊಡುತ್ತಾರೆ, ಕೊನೆಗೆ ಎಲ್ಲ ಚೀಟಿ ಒಂದೆಡೆ ಕೂಡುತ್ತದೆ. ಗೂಗಲ್‌ನ ಜೆಫ್ರಿ ಡೀನ್ ಮತ್ತು ಸಂಜಯ್ ಘೆಮಾವತ್ 2004ರಲ್ಲಿ ಇದರ ಬಗ್ಗೆ ಬರೆದದ್ದು ಸಾವಿರಾರು ಕಂಪ್ಯೂಟರುಗಳ ಕೆಲಸಕ್ಕೆ. ನನ್ನದೋ, ಒಂದು ಪೆನ್‌ಡ್ರೈವ್‌ನ ಸರಕು. ಆದರೂ ನಮ್ಮ ಕೌಚ್‌ಡಿಬಿಯಲ್ಲಿ ಆ ಸೌಲಭ್ಯ ಇತ್ತು.

ಒಂದೊಂದೇ ಸುದ್ದಿ ಓದಿ, ಸಂಕ, ಹಲಗೆ, ಮರದ ಸೇತುವೆ ಹೀಗೆ ನಾವು ಕೊಟ್ಟ ಯಾವ ಹೆಸರು ಕಂಡರೂ ಊರಿನ ಹೆಸರಿನ ಚೀಟಿ ಹಾಕು ಎಂದು ಬರೆದೆವು. ತಾಲೂಕನ್ನು ಸುದ್ದಿಯಿಂದ ತೆಗೆಯುವಂತಿರಲಿಲ್ಲ. ಬೈಂದೂರು, ಬ್ರಹ್ಮಾವರ ತಾಲೂಕಾದದ್ದೇ 2018ರಲ್ಲಿ. ಅದಕ್ಕೂ ಮೊದಲಿನ ಕೊಲ್ಲೂರು ಸುದ್ದಿಯಲ್ಲಿ ‘ಕುಂದಾಪುರ ತಾಲೂಕು’, ಬಾರ್ಕೂರಿನದ್ದರಲ್ಲಿ ‘ಉಡುಪಿ ತಾಲೂಕು’. ಹಾಗಾಗಿ ಊರು-ತಾಲೂಕಿನ ಪಟ್ಟಿ ಬೇರೆಯೇ ಮಾಡಿಕೊಟ್ಟೆವು. ಮೊದಲ ಸಲ ಲೆಕ್ಕ ಉಬ್ಬಿತು. ಪ್ರತಿ ಮಳೆಗಾಲ ಬರೆದ ಒಂದೇ ಸಂಕ ಐದಾಗಿತ್ತು! ಊರಿನ ಚೀಟಿಗಳನ್ನು ಮೊದಲು ಒಂದು ಮಾಡಿ, ಆಮೇಲೆ ತಾಲೂಕುವಾರು ಕೂಡಿದಾಗ ಸರಿಯಾಯಿತು.

ಈಗಲೂ ಯಾವುದೋ ಹಳೇ ಸುದ್ದಿ ಬೇಕೆಂದರೆ ಸರ್ಚೇ ಮಾಡುತ್ತೇನೆ. ‘ಒಟ್ಟು ಎಷ್ಟು’ ಎಂಬ ಮಾತು ಬಂದರೆ ಮಾತ್ರ ಅದನ್ನು ನಂಬುವುದಿಲ್ಲ. ಹಳೇ ನುಡಿ ಫಾಂಟಿನ ಫೈಲುಗಳು ಎರಡಕ್ಕೂ ಸಿಕ್ಕಿಲ್ಲ, ಯೂನಿಕೋಡಿಗೆ ಬದಲಿಸುವುದು ಬಾಕಿ.

ತಿದ್ದಿದ ಪಟ್ಟಿ ಬಂದ ದಿನ ಆ ತಾಯಿಗೆ ಫೋನು ಮಾಡಿದೆ. “ಲೆಕ್ಕಕ್ ಬಂತಲ್ದಾ, ಇನ್ ಸೇತುವೆ ಯಾವಾಗ?” ಎಂದರು.