ಕಾಯಿಲೆಯ ಮಗುವಿನ ಮನಸ್ಸು

ಮಗುವೊಂದು ಭಾರಿಯಾದ ಕಾಯಿಲೆಯಿಂದ ಮಲಗಿದ ಮನೆಯಲ್ಲಿ ಪಿಸುಮಾತು ಹೆಚ್ಚುತ್ತದೆ. ವೈದ್ಯರು ಹೇಳಿದುದನ್ನು ಹಿರಿಯರು ಬಾಗಿಲಾಚೆ ನಿಂತು ಮಾತನಾಡಿಕೊಂಡು, ಕಣ್ಣೊರಸಿಕೊಂಡು, ನಗುಮುಖವನ್ನು ತಂದುಕೊಂಡು ಒಳಕ್ಕೆ ಹೋಗುತ್ತಾರೆ. ಮಗುವಿಗೆ ಏನೂ ತಿಳಿಯದು, ತಿಳಿಯಲೂ ಕೂಡದು ಎಂಬುದು ಅವರ ಎಣಿಕೆ. ಆ ಎಣಿಕೆ ಮಮತೆಯಿಂದ ಹುಟ್ಟಿದುದೆಂಬುದರಲ್ಲಿ ಸಂದೇಹವಿಲ್ಲ. ಆದರೆ ಅದರಿಂದ ಮಗುವಿಗೆ ಹಿತವಾಗುವುದೆ?

ನನ್ನ ತಂಗಿಯ ಮಗನಿಗೆ ಎಂಟನೆಯ ವಯಸ್ಸಿನಲ್ಲಿ ಲುಕೇಮಿಯಾ, ಎಂದರೆ ರಕ್ತದ ಕ್ಯಾನ್ಸರ್, ಕಾಣಿಸಿಕೊಂಡಿತು. ಮಕ್ಕಳಿಗೆ ಬರುವ ಕ್ಯಾನ್ಸರುಗಳಲ್ಲಿ ಇದೇ ಹೆಚ್ಚು. ಅವನಿಗೆ ಬಂದ ಬಗೆಗೆ 2ರಿಂದ 3 ವರ್ಷಗಳ ಚಿಕಿತ್ಸೆ ಬೇಕು. ಅದು ಕ್ರಮವಾಗಿ ನಡೆದರೆ ಬಹುಮಂದಿ ಮಕ್ಕಳು ಗುಣಹೊಂದುತ್ತಾರೆ. ಆದರೆ ಆ ವರ್ಷಗಳೂ ಬಾಲ್ಯದ ವರ್ಷಗಳೇ ತಾನೆ? ಕೂದಲು ಉದುರಿತು, ಸೋಂಕಿನ ಭಯದಿಂದ ಶಾಲೆ ತಪ್ಪಿತು, ಗೆಳೆಯರು ದೂರವಾದರು, ಬೆನ್ನಿಗೆ ಸೂಜಿ ಹಾಕುವ ದಿನ ಬಂತೆಂದರೆ ಹಿಂದಿನ ರಾತ್ರಿ ನಿದ್ರೆಯಿಲ್ಲ.

ಆಸ್ಪತ್ರೆಯಲ್ಲಿ ಪಕ್ಕದ ಮಂಚದ ಹುಡುಗನು ಒಂದು ರಾತ್ರಿ ತೀರಿಕೊಂಡನು. “ಊರಿಗೆ ಹೋದ” ಎಂದು ಎಲ್ಲರೂ ಇವನಿಗೆ ಹೇಳಿದರು. ಇವನು ಎರಡು ದಿನ ಸುಮ್ಮನಿದ್ದು, ತಾಯಿ ಔಷಧ ತರಲು ಹೋದ ಸಮಯ ನೋಡಿ, “ದೊಡ್ಡಮ್ಮ, ಊರಿಗೆ ಹೋದವನು ಚಪ್ಪಲಿ ಬಿಟ್ಟುಹೋಗುತ್ತಾನೆಯೆ? ನನ್ನ ಬಣ್ಣದ ಪೆಟ್ಟಿಗೆಯನ್ನು ಪುಟ್ಟಿಗೆ ಕೊಟ್ಟುಬಿಡು. ಅಮ್ಮನಿಗೆ ಹೇಳಬೇಡ, ಅಳುತ್ತಾಳೆ” ಎಂದನು. ಆ ಕೂಸು ತಾಯಿಯ ದುಃಖವನ್ನೂ ತಾನೇ ಹೊತ್ತು ಮಲಗಿತ್ತು! ನಾನು ಅವನ ಕೈ ಹಿಡಿದು, ಆ ಹುಡುಗನು ತೀರಿಹೋದುದು ನಿಜವೆಂದೂ, ಇವನನ್ನು ಗುಣಪಡಿಸಲು ವೈದ್ಯರು ಶ್ರಮಿಸುತ್ತಿರುವರೆಂದೂ, ಏನೇ ಆಗಲಿ ಇವನೊಬ್ಬನನ್ನೇ ಬಿಡುವುದಿಲ್ಲವೆಂದೂ ಹೇಳಿದೆನು. ಬಹಳ ಹೊತ್ತು ಅತ್ತನು. ಸಂಜೆ ತಂಗಿಗೂ ತಿಳಿಸಿದೆನು. ತಾಯಿಮಕ್ಕಳು ಅಂದು ಮೊದಲ ಬಾರಿಗೆ ಒಟ್ಟಿಗೆ ಅತ್ತರು. ಆ ರಾತ್ರಿ ಅವನಿಗೆ ನಿದ್ರೆ ಬಂದಿತು.

ಇದು ನಮ್ಮ ಹುಡುಗನೊಬ್ಬನ ಮಾತಲ್ಲ. ಅಮೆರಿಕದ ಮೈರಾ ಬ್ಲೂಬಾಂಡ್-ಲ್ಯಾಂಗ್ನರ್ ಎಂಬ ವಿದುಷಿ ಲುಕೇಮಿಯಾದ ಮಕ್ಕಳ ನಡುವೆ ಇದ್ದು ನೋಡಿ, 1978ರಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿದರು. ಯಾರೂ ಹೇಳದಿದ್ದರೂ ಆ ಮಕ್ಕಳು ತಮ್ಮ ಸ್ಥಿತಿಯನ್ನು ಅರಿತಿದ್ದರು; ಹಿರಿಯರು ನೊಂದಾರೆಂದು ಅರಿಯದವರಂತೆ ನಟಿಸುತ್ತಿದ್ದರು. ಹಿರಿಯರ ನಟನೆಯೂ ಅದೇ. ಹೀಗೆ ಒಬ್ಬರನ್ನೊಬ್ಬರು ಕಾಪಾಡಲು ಹೋಗಿ ಇಬ್ಬರೂ ಒಂಟಿಯಾಗುವರು.

ಹಾಗಾದರೆ ಗೃಹಸ್ಥರು ಮಾಡಬಹುದಾದುದೇನು? ಮಗು ಕೇಳಿದಷ್ಟಕ್ಕೆ, ಅದಕ್ಕೆ ತಿಳಿಯುವ ಮಾತಿನಲ್ಲಿ, ನಿಜವಾದ ಉತ್ತರವನ್ನು ಕೊಡಬೇಕು. ನೋವೆಷ್ಟೆಂಬುದನ್ನೂ ಅದನ್ನೇ ಕೇಳಬೇಕು. 1983ರಲ್ಲಿ ಡೊನಾ ವಾಂಗ್, ಕಾನೀ ಬೇಕರ್ ಎಂಬಿಬ್ಬರು ನಗುಮುಖದಿಂದ ಅಳುಮುಖದವರೆಗೆ 6 ಮುಖಗಳ ಪಟವನ್ನು ರೂಪಿಸಿದರು. 3 ವರ್ಷದ ಮಗುವೂ ಅದರ ಮೇಲೆ ಬೆರಳಿಟ್ಟು ತನ್ನ ನೋವನ್ನು ತೋರಿಸಬಲ್ಲದು. ಸೂಜಿ ಯಾವ ಕೈಗೆ, ಆಗ ಯಾರ ಮಡಿಲು ಎಂಬಂಥ ಸಣ್ಣ ನಿರ್ಧಾರಗಳು ಮಗುವಿಗೇ ಇರಲಿ. ಮೈಯಲ್ಲಿ ಶಕ್ತಿಯಿರುವ ದಿನ ಅರ್ಧ ಗಂಟೆಯಾದರೂ ಪಾಠ ನಡೆಯಲಿ. ಗೆಳೆಯರಿಂದ ಕಾಗದ ಬರಲಿ. ತಂಟೆ ಮಾಡಿದರೆ ಎಂದಿನಂತೆ ಗದರಿಸಿದರೂ ತಪ್ಪಿಲ್ಲ. ತಾನು ಹಿಂದಿನ ಮಗುವೇ ಎಂಬ ಧೈರ್ಯ ಅದಕ್ಕೆ ಅದರಿಂದ ಬರುತ್ತದೆ. ಮನೆಯಲ್ಲಿ ಉಳಿದ ಅಣ್ಣತಮ್ಮ ಅಕ್ಕತಂಗಿಯರನ್ನೂ ಮರೆಯಬಾರದು.

ಆಯುಸ್ಸಿನ ಅಳತೆ ನಮ್ಮ ಕೈಯಲ್ಲಿಲ್ಲ. ಮಗುವಿಗೆ ದೊರೆತ ದಿನಗಳು ಹತ್ತಿರಲಿ, ಹತ್ತು ಸಾವಿರವಿರಲಿ, ಅವುಗಳಲ್ಲಿ ಅದು ಒಂಟಿಯಾಗದಂತೆ ನೋಡಿಕೊಳ್ಳುವುದು ಮಾತ್ರ ಮನೆಯವರಿಂದಲೇ ಆಗಬೇಕಾದ ಕೆಲಸ.