ಗಣಕಯಂತ್ರಕ್ಕೊಂದು ಗವಾಕ್ಷಿ

ನಮ್ಮ ಕಲಬುರಗಿ ಸೀಮೆಯ ಹಳೆಯ ಮಾಳಿಗೆ ಮನೆಗಳಲ್ಲಿ ಬೆಳೆದವರಿಗೆ ಗವಾಕ್ಷಿಯ ಮಹತ್ತ್ವವನ್ನು ವಿವರಿಸಬೇಕಾಗಿಲ್ಲ. ಬಿಸಿಯಾದ ಗಾಳಿ ಹಿಗ್ಗಿ, ಹಗುರವಾಗಿ, ಮೇಲೇರಿ ಆ ಕಿಂಡಿಯಿಂದ ಹೊರಬೀಳುತ್ತದೆ. ಅದರ ಸ್ಥಾನಕ್ಕೆ ಬಾಗಿಲಿನಿಂದ ಬೇರೆ ಗಾಳಿ ಬರುತ್ತದೆ. ಒಳಬರುವ ದಾರಿಯೇ ಮುಚ್ಚಿದ್ದರೆ ಗವಾಕ್ಷಿಯಿದ್ದೂ ಪ್ರಯೋಜನ ಅಷ್ಟಕ್ಕಷ್ಟೆ. ತರಗತಿಯಲ್ಲಿ ಎಷ್ಟೋ ಸಲ ಹೇಳಿದ ಈ ಪಾಠ 2021ರ ಮೇ ತಿಂಗಳಲ್ಲಿ ನನ್ನ ಮನೆಯಲ್ಲೇ ಕೆಲಸಕ್ಕೆ ಬಂದಿತು.

ಅದು ಕೊರೊನಾ ಎರಡನೆಯ ಅಲೆಯ ಕಾಲ. ಹತ್ತನೆಯ ತರಗತಿಯ ಮೊಮ್ಮಗಳು ಹಳೆಯ ಡೆಸ್ಕ್‌ಟಾಪ್ ಮುಂದೆ ಕುಳಿತು ಪಾಠ ಕೇಳುತ್ತಿದ್ದಳು. ಮನೆಯ ಒಂದೇ ಸ್ಮಾರ್ಟ್‌ಫೋನನ್ನು ಮಗ ಕರ್ತವ್ಯಕ್ಕೆ ಒಯ್ಯುತ್ತಿದ್ದ. ಮಧ್ಯಾಹ್ನದ ಹೊತ್ತಿಗೆ ಯಂತ್ರ ತಾನಾಗಿಯೇ ಆರಿಹೋಗುತ್ತಿತ್ತು. "ಮುತ್ಯಾ, ಮತ್ತ ಬಂದ್ ಆತು!" ಎನ್ನುವಾಗ ಅವಳ ಕಣ್ಣು ತುಂಬಿರುತ್ತಿತ್ತು. ಪರೀಕ್ಷೆ ಮುಂದಕ್ಕೆ ಹೋಗಿತ್ತೇ ಹೊರತು ರದ್ದಾಗಿರಲಿಲ್ಲ. ಅಂಗಡಿಗಳೆಲ್ಲ ಮುಚ್ಚಿದ್ದವು.

ಕಾವು ಮಿತಿಮೀರಿದಾಗ ಪ್ರೊಸೆಸರ್ ಮೊದಲು ವೇಗ ತಗ್ಗಿಸಿಕೊಳ್ಳುತ್ತದೆ. ಅದೂ ಸಾಲದಿದ್ದರೆ ಯಂತ್ರ ನಿಂತುಹೋಗುತ್ತದೆ. ಇದು ಅದರ ಆತ್ಮರಕ್ಷಣೆ. ಪಾಠ ನಡೆಯುವಾಗ ನೋಡಿದರೆ ಉಷ್ಣತೆ 96 ಡಿಗ್ರಿ! ಧೂಳು ಒರೆಸಿದರೂ ಹೆಚ್ಚು ಇಳಿಯಲಿಲ್ಲ. ಊದುಬತ್ತಿ ಹಚ್ಚಿ ಪೆಟ್ಟಿಗೆಯ ಸುತ್ತ ಹಿಡಿದು ನೋಡಿದೆ. ಹಿಂದಿನ ಫ್ಯಾನು ಹೊಗೆಯನ್ನು ಹೊರದೂಡುತ್ತಿತ್ತು. ಮುಂಭಾಗದಲ್ಲಿ ಹೊಗೆ ಅಲುಗಲೇ ಇಲ್ಲ. ಅಲ್ಲಿ ಪ್ಲಾಸ್ಟಿಕ್ಕಿನ ಗೋಡೆ. ಬಾಗಿಲಿಲ್ಲದ ಮಾಳಿಗೆ ಮನೆ!

ಅಟ್ಟದ ಮೇಲೆ ವರ್ಷಗಳಿಂದ ಬಿದ್ದಿದ್ದ ಹಳೆಯ ಎಸ್‌ಎಂಪಿಎಸ್‌ನಿಂದ 80 ಮಿಲಿಮೀಟರಿನ ಫ್ಯಾನನ್ನು ಬಿಚ್ಚಿಕೊಂಡೆ. ಕಬ್ಬಿಣದ ಪುಡಿ ಬಿದ್ದರೆ ಶಾರ್ಟ್ ಆಗುವ ಭಯವುಂಟು. ಆದುದರಿಂದ ಮದರ್‌ಬೋರ್ಡ್ ಸಹಿತ ಎಲ್ಲವನ್ನೂ ಹೊರತೆಗೆದು ಬರಿಯ ಪೆಟ್ಟಿಗೆಯನ್ನಷ್ಟೇ ಅಂಗಳಕ್ಕೆ ಒಯ್ದೆವು. ಮೊಮ್ಮಗಳು ಕೈವಾರದಿಂದ ವೃತ್ತ ಎಳೆದಳು. ಗೆರೆಯುದ್ದಕ್ಕೂ ರಂಧ್ರ ಕೊರೆದು, ತಗಡು ಕತ್ತರಿಯಿಂದ ಕತ್ತರಿಸಿ, ಅರದಿಂದ ಉಜ್ಜಿ, ಚೂಪಾದ ಅಂಚಿಗೆ ಸೈಕಲ್ ಟ್ಯೂಬಿನ ಪಟ್ಟಿ ತೊಡಿಸಿದೆ. ಪ್ಲಾಸ್ಟಿಕ್ ಮುಖವಾಡದಲ್ಲೂ ಅಷ್ಟೇ ಜಾಗ ತೆರೆದು, ಧೂಳು ತಡೆಯಲು ಸೊಳ್ಳೆಪರದೆಯ ತುಂಡು ಕಟ್ಟಿದೆ. ಫ್ಯಾನು ಗಾಳಿಯನ್ನು ಒಳಗೆಳೆಯುವಂತೆ ಕೂರಿಸಿ, ಅದರ ತಂತಿಗಳನ್ನು ಹಳದಿ ಮತ್ತು ಕಪ್ಪು ತಂತಿಗಳಿಗೆ ಜೋಡಿಸಿದೆ. ಹಳದಿಯಲ್ಲಿ 12 ವೋಲ್ಟ್ ಇರುತ್ತದೆ.

ಮರುದಿನ ಮಧ್ಯಾಹ್ನ ಕೋಣೆಯಲ್ಲಿ 37 ಡಿಗ್ರಿ; ಪ್ರೊಸೆಸರಿನಲ್ಲಿ 78. ಎಷ್ಟೇ ಫ್ಯಾನು ಹಾಕಿದರೂ ಕೋಣೆಯ ಗಾಳಿಗಿಂತ ತಂಪು ಸಿಗದು. ನಮ್ಮ ಬೇಸಿಗೆಯಲ್ಲಿ ಇಷ್ಟು ದಕ್ಕಿದ್ದೇ ಭಾಗ್ಯ. ಆಮೇಲೆ ಪಾಠ ನಡುವೆ ನಿಂತಿದ್ದಿಲ್ಲ. ಜುಲೈ 19 ಮತ್ತು 22ರಂದು ಮೊಮ್ಮಗಳು ಪರೀಕ್ಷೆ ಬರೆದು ಬಂದಳು.

ಓದುಗ ಮಿತ್ರರೇ, ನಿಮ್ಮ ಯಂತ್ರವೂ ಬೇಸಿಗೆಯಲ್ಲಿ ಮುನಿಸಿಕೊಂಡರೆ ದೊಡ್ಡ ಫ್ಯಾನು ಕೊಳ್ಳಲು ಅವಸರಪಡಬೇಡಿ. ಮೊದಲು ಅದನ್ನು ಮೇಜಿನ ಮುಚ್ಚಿದ ಗೂಡಿನಿಂದ ಹೊರಗಿಡಿ. ಆಮೇಲೆ ಒಂದು ಊದುಬತ್ತಿ ಹಚ್ಚಿ, ಗಾಳಿ ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆ ಎಂಬುದನ್ನು ನೋಡಿ.