ದನಗಳ ಘಾಟಿಯಲ್ಲೊಂದು ಜೋಡೆತ್ತಿನ ಗಾಡಿ

ಸ್ಕಾಟ್ಲೆಂಡಿನ ವಾಯವ್ಯ ಕರಾವಳಿಯಲ್ಲಿ ಆ್ಯಪಲ್‌ಕ್ರಾಸ್ ಎಂಬುದೊಂದು ಪುಟ್ಟ ಊರು. ಹೆಸರನ್ನು ಕೇಳಿ ಸೇಬಿನ ತೋಟಗಳನ್ನು ಕಲ್ಪಿಸಿಕೊಂಡು ಹೋದವರಿಗೆ ನಿರಾಶೆಯೇ ಸರಿ. ಕ್ರೋಸನ್ ಎಂಬ ಹೊಳೆಯ ಅಳಿವೆ ಎಂಬರ್ಥದ ಪ್ರಾಚೀನ ನಾಮವೊಂದು ಇಂಗ್ಲಿಷರ ನಾಲಗೆಯಲ್ಲಿ ಸವೆದು ಈ ರೂಪವನ್ನು ತಾಳಿದೆ. ಗೇಲಿಕ್ ಭಾಷೆಯವರಿಗಾದರೋ ಇದು 'ಆಶ್ರಯಧಾಮ'. ಕ್ರಿ.ಶ. 673ರಲ್ಲಿ ಮೇಲ್ ರೂಬಾ ಎಂಬ ಐರಿಷ್ ಸಂತನು ಇಲ್ಲಿ ಮಠವೊಂದನ್ನು ಸ್ಥಾಪಿಸಿದನು. ಅದರ ಎಲ್ಲೆಯೊಳಗೆ ಕಾಲಿಟ್ಟವನಿಗೆ ಅಭಯವಿತ್ತು.

ಆ ಅಭಯಕ್ಕೆ ಮುನ್ನ ಭಯದ ದಾರಿಯೊಂದನ್ನು ದಾಟಬೇಕು. ಅದರ ಹೆಸರು ಬ್ಯಾಲಖ್ ನ ಬಾ, ಎಂದರೆ ದನಗಳ ಘಾಟಿ. ಹಿಂದೆ ಗೋಪಾಲಕರು ಹಿಂಡುಗಳನ್ನು ಸಂತೆಗೆ ಹೊಡೆದುಕೊಂಡು ಹೋಗುತ್ತಿದ್ದುದು ಇದೇ ಹಾದಿಯಲ್ಲಿ. ಕಡಲಂಚಿನಿಂದ ಹೊರಟ ರಸ್ತೆ 626 ಮೀಟರಿನ ಎತ್ತರಕ್ಕೆ ಏರಿ, ಮತ್ತೆ ಕಡಲಿಗೇ ಇಳಿಯುತ್ತದೆ. ಆಗುಂಬೆಯ ತಿರುವುಗಳನ್ನು ಕಂಡವರಿಗೆ ಇಲ್ಲಿಯ ತಿರುವುಗಳು ಹೊಸವಲ್ಲ. ಆದರೆ ಆಗುಂಬೆಯಲ್ಲಿ ಮರಗಳು ಪ್ರಪಾತವನ್ನು ಕರುಣೆಯಿಂದ ಮರೆಮಾಡುತ್ತವೆ. ಇಲ್ಲಿ ಬೋಳು ಬಂಡೆ, ಕಂದು ಹುಲ್ಲು, ಕೆಳಗೆ ಬರಿಯ ಆಳ. ರಸ್ತೆಯ ಅಗಲ ಒಂದೇ ಗಾಡಿಯಷ್ಟು. ಎದುರಿನವರಿಗೆ ದಾರಿ ಬಿಡಲು ಅಲ್ಲಲ್ಲಿ ಅಂಚನ್ನು ಹಿಗ್ಗಿಸಿದ್ದಾರೆ. 1970ರ ದಶಕದಲ್ಲಿ ಕರಾವಳಿಯ ರಸ್ತೆ ಪೂರ್ಣವಾಗುವವರೆಗೆ ಊರಿನವರಿಗೆ ಇದ್ದ ರಸ್ತೆ ಇದೊಂದೇ. ಹಿಮ ಬಿದ್ದರೆ ಅದೂ ಇಲ್ಲ.

ಆ ನಾಡಿನಲ್ಲಿ ನೆಲೆಸಿರುವ ಹಾಸನದ ಗೆಳೆಯರೊಬ್ಬರು ಒಂದು ಅಕ್ಟೋಬರಿನಲ್ಲಿ ನನ್ನನ್ನು ಈ ಘಾಟಿಗೆ ಕರೆದೊಯ್ದರು. ಅವರ ವಾಹನವೂ ಘಾಟಿಗೆ ತಕ್ಕ ಮುದುಕ: ಬ್ರಿಟಿಷ್ ಸೈನ್ಯದಿಂದ ನಿವೃತ್ತವಾದ ಲ್ಯಾಂಡ್ ರೋವರ್. ಹೆಲಿಕಾಪ್ಟರಿನಿಂದ ತೂಗುಹಾಕಿ ಒಯ್ಯಲು ಅನುಕೂಲವಾಗುವಂತೆ ಮೈಭಾರವನ್ನು ಇಳಿಸಿ, 1968ರಿಂದ 1984ರವರೆಗೆ ತಯಾರಿಸಿದ ನಾಲ್ಕು ಚಕ್ರ ಚಾಲನೆಯ ಮಾದರಿ ಅದು. ಅದರಲ್ಲಿಯೂ ಇದು ಸೈನ್ಯದ ರೇಡಿಯೊ ಹೊರಲೆಂದೇ ಸಜ್ಜುಗೊಂಡದ್ದು. ಆದಕಾರಣ ಇದರ ವಿದ್ಯುದ್ವ್ಯವಸ್ಥೆ ಸಾಮಾನ್ಯ ಕಾರುಗಳ 12 ವೋಲ್ಟಿನದಲ್ಲ, 24 ವೋಲ್ಟಿನದು.

ವೋಲ್ಟು ಇಮ್ಮಡಿಯಾದರೆ ಅಷ್ಟೇ ಕೆಲಸಕ್ಕೆ ಹರಿಯಬೇಕಾದ ವಿದ್ಯುತ್ತು ಅರ್ಧವಾಗುತ್ತದೆ. 240 ವ್ಯಾಟಿನ ಉಪಕರಣಕ್ಕೆ 12 ವೋಲ್ಟಿನಲ್ಲಿ 20 ಆಂಪಿಯರ್ ಬೇಕು. 24 ವೋಲ್ಟಿನಲ್ಲಿ 10 ಸಾಕು. ಅದೇ ತಂತಿಯಲ್ಲಿ ಶಾಖವಾಗಿ ಪೋಲಾಗುವ ಶಕ್ತಿ ಕಾಲುಭಾಗಕ್ಕೆ ಇಳಿಯುತ್ತದೆ. ಸೈನ್ಯಕ್ಕೆ ಇದು ಲಾಭವೇ. ಆದರೆ ಪ್ರವಾಸಿಗನ ಸರಂಜಾಮು, ಎಂದರೆ ಹಾಡಿನ ರೇಡಿಯೊ, ದಾರಿ ತೋರುವ ಯಂತ್ರ, ಬುತ್ತಿಯನ್ನು ತಂಪಾಗಿಡುವ ಪುಟ್ಟ ಪೆಟ್ಟಿಗೆ, ಎಲ್ಲವೂ ಬಹುಮಟ್ಟಿಗೆ 12 ವೋಲ್ಟಿನವು.

ಹೀಗಾದಾಗ ಸುಲಭೋಪಾಯವೊಂದು ಯಾರಿಗಾದರೂ ಹೊಳೆಯುತ್ತದೆ. 24 ವೋಲ್ಟು ಎಂದರೆ ಒಂದರ ಬಾಲಕ್ಕೆ ಇನ್ನೊಂದನ್ನು ಕಟ್ಟಿದ 12 ವೋಲ್ಟಿನ ಎರಡು ಬ್ಯಾಟರಿಗಳು. ಒಂದಕ್ಕೆ ಮಾತ್ರ ತಂತಿ ಕಟ್ಟಿದರೆ ಮುಗಿಯಿತಲ್ಲ!

"ಹಿಂದಿನ ಒಡೆಯರು ಮಾಡಿದ್ದು ಅದನ್ನೇ ಮೇಷ್ಟ್ರೆ," ಎಂದರು ಗೆಳೆಯರು. "ನನ್ನ ಕೈಗೆ ಗಾಡಿ ಬಂದಾಗ ಒಂದು ಬ್ಯಾಟರಿ ಸತ್ತಿತ್ತು, ಇನ್ನೊಂದು ಸಾಯುತ್ತಿತ್ತು."

ಕಾರಣ ಸರಳ. ನೊಗಕ್ಕೆ ಕಟ್ಟಿದ ಜೋಡೆತ್ತಿನಲ್ಲಿ ಒಂದನ್ನು ಮಾತ್ರ ರಾತ್ರಿಯೂ ಗಾಣಕ್ಕೆ ಹೂಡಿ, ಬೆಳಿಗ್ಗೆ ಎರಡಕ್ಕೂ ಸಮನಾಗಿ ಮೇವು ಹಾಕಿದಂತೆ. ವಿದ್ಯುತ್ತನ್ನು ಉತ್ಪಾದಿಸುವ ಆಲ್ಟರ್ನೇಟರು ನೋಡುವುದು ಎರಡರ ಮೊತ್ತವಾದ ಸುಮಾರು 28 ವೋಲ್ಟನ್ನು ಮಾತ್ರ. ಬಳಲಿದ ಬ್ಯಾಟರಿ 13ರಲ್ಲಿ ನಿಂತರೆ ಬಳಲದ ಬ್ಯಾಟರಿಯ ಪಾಲಿಗೆ 15 ಬರುತ್ತದೆ. ಒಂದು ಹಸಿವಿನಿಂದಲೂ ಇನ್ನೊಂದು ಅಜೀರ್ಣದಿಂದಲೂ ನಶಿಸುತ್ತವೆ.

ಗೆಳೆಯರು ಎರಡನ್ನೂ ಬದಲಾಯಿಸಿ, 24ನ್ನು 12ಕ್ಕೆ ಇಳಿಸುವ ಪರಿವರ್ತಕವೊಂದನ್ನು ಕೂರಿಸಿದ್ದರು. ಅದು ತನಗೆ ಬೇಕಾದುದನ್ನು ಜೋಡಿಯಿಂದ ಒಟ್ಟಾಗಿ ಪಡೆಯುವುದರಿಂದ ಇಬ್ಬರ ಹೆಗಲಿನ ಭಾರವೂ ಸಮ. ಹಳೆಯ ಬಗೆಯ ಪರಿವರ್ತಕಗಳು ಅರ್ಧ ಶಕ್ತಿಯನ್ನು ಶಾಖವಾಗಿ ಸುಟ್ಟುಬಿಡುತ್ತಿದ್ದುವು. 10 ಆಂಪಿಯರ್ ಕೊಡಲು 120 ವ್ಯಾಟಿನ ಬೇಗೆ! ಈಗಿನವುಗಳಲ್ಲಿ ಪೋಲಾಗುವುದು ಅಲ್ಪ. ಬ್ಯಾಟರಿಯ ಬಳಿಯೇ ಫ್ಯೂಸೊಂದನ್ನು ಇಡುವುದು ಮಾತ್ರ ಅವಶ್ಯ.

ಶಿಖರದಲ್ಲಿ ಎಂಜಿನನ್ನು ನಿಲ್ಲಿಸಿ, ಸ್ಕೈ ದ್ವೀಪದ ನೀಲಿ ಬೆಟ್ಟಗಳನ್ನು ನೋಡುತ್ತ ಮುಕ್ಕಾಲು ಗಂಟೆ ಕಳೆದೆವು. ತಂಪು ಪೆಟ್ಟಿಗೆ ಗುಂಯ್ಗುಡುತ್ತಲೇ ಇತ್ತು. ಅಷ್ಟರಲ್ಲಿ ಕಡಲಿನಿಂದ ಮಂಜು ಎದ್ದು ಬೆಟ್ಟ, ದ್ವೀಪ, ರಸ್ತೆ ಎಲ್ಲವನ್ನೂ ನುಂಗಿತು. ಹಿಂದೆಯೇ ಮಳೆ, ಕತ್ತಲೆ. ಇನ್ನು ದೀಪ ಬೇಕು, ಗಾಜನ್ನೊರೆಸುವ ಕಡ್ಡಿ ಬೇಕು, ಎಲ್ಲಕ್ಕಿಂತ ಮೊದಲು ಎಂಜಿನು ಏಳಬೇಕು. ಬೇರೊಂದು ಗಾಡಿಯ ಸುಳಿವಿಲ್ಲ. ಗೆಳೆಯರು ಮಾತನಾಡದೆ ಕೀಲಿಯನ್ನು ತಿರುಗಿಸಿದರು. ಮುದುಕ ಒಮ್ಮೆ ಕೆಮ್ಮಿ ಎದ್ದು ನಿಂತನು. ನಾನು ಬಿಗಿಹಿಡಿದಿದ್ದ ಉಸಿರನ್ನು ಬಿಟ್ಟೆ.

2015ರಲ್ಲಿ ಉತ್ತರ ಕರಾವಳಿಯ ಪ್ರವಾಸಮಾರ್ಗವನ್ನು ಘೋಷಿಸಿದ ಮೇಲೆ ಈ ದನಗಳ ಹಾದಿಗೆ ಪ್ರವಾಸಿಗಳು ಹಿಂಡುಹಿಂಡಾಗಿ ಬರುತ್ತಾರೆ. ರಸ್ತೆಯ ಅಗಲ ಮಾತ್ರ ಅಷ್ಟೇ. ಅಂಚಿನಲ್ಲಿ ನಿಂತು ಎದುರಿನವನಿಗೆ ದಾರಿ ಕೊಡುವ ತಾಳ್ಮೆ ಇರುವವರೆಗೆ ಎಲ್ಲರೂ ಸಾಗುತ್ತಾರೆ. ಒಬ್ಬನು ಹಟ ಹಿಡಿದರೆ ಇಡೀ ಬೆಟ್ಟವೇ ನಿಲ್ಲುತ್ತದೆ. ಹಳೆಯದಕ್ಕೆ ಹೊಸದನ್ನು ಜೋಡಿಸುವವರು, ಅದು ರಸ್ತೆಯಾಗಲಿ ಗಾಡಿಯಾಗಲಿ, ಭಾರವು ಯಾರ ಹೆಗಲಿಗೆ ಬೀಳುತ್ತದೆಂಬುದನ್ನು ಮೊದಲು ನೋಡಿಕೊಳ್ಳುವುದು ಒಳಿತು.